ಮಹಡಿಯ ಮೇಲಿನ ಒಗ್ಗರಣೆ

ಸೂತಕದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲವೆಂದು ನಿಮಗೂ ಗೊತ್ತಿರಬಹುದು. ಅಪ್ಪ ಹೋದ ಮೇಲೆ ನಾವೂ ಸೂತಕ ಕಳೆಯುವವರೆಗೆ ಸಪ್ಪೆ ಸಾರು ಉಂಡೆವು. ಇವತ್ತು ಅಮ್ಮ ಕಬ್ಬಿಣದ ಒಗ್ಗರಣೆ ಸೌಟು ಒರೆಸಿ ನನ್ನ ಕೈಗಿತ್ತಳು.

ಅದು ಅಪ್ಪನ ಸೌಟು. ಕಾಫಿ ಬೆರೆಸಲೂ ಬಾರದ ಅವರಿಗೆ ಒಗ್ಗರಣೆಯ ಕೆಲಸ ಬಂದದ್ದು ನನ್ನ ಉಬ್ಬಸದಿಂದ. ತೊಂಬತ್ತರ ದಶಕದ ಚಾಮರಾಜಪೇಟೆಯ ಆ ಕಿರಿದಾದ ಮನೆಯಲ್ಲಿ ಕಾದ ಎಣ್ಣೆಗೆ ಒಣಮೆಣಸಿನಕಾಯಿ ಬಿದ್ದರೆ ನನ್ನ ಎದೆ ಹಾರ್ಮೋನಿಯಂ ಆಗಿಬಿಡುತ್ತಿತ್ತು. ಹಾಗಾಗಿ ಅಪ್ಪ ಆಫೀಸಿಗೆ ಹೊರಡುವ ಮುಂಚೆ, ಪ್ಯಾಂಟು ಬನಿಯನ್ನಿನಲ್ಲಿ, ಸೀಮೆಎಣ್ಣೆ ಸ್ಟೌ ಇಟ್ಟಿದ್ದ ಮಹಡಿ ಹತ್ತುತ್ತಿದ್ದರು. ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಹಾಕುವ ಸರೋಜಮ್ಮ ದಿನಾ ವಿಚಾರಿಸುತ್ತಿದ್ದರು.

"ಏನ್ ಸಾರ್, ಇವತ್ತು ಸಾರಿಗೋ ಗೊಜ್ಜಿಗೋ?"

"ಸಾರಿಗೆ. ಮೂಗ್ ಮುಚ್ಕೊಳಿ."

ಹದಿನೆಂಟು ಮೆಟ್ಟಿಲು ಇಳಿದು ಬರುವಷ್ಟರಲ್ಲಿ ಒಗ್ಗರಣೆ ಆರಿರುತ್ತಿತ್ತು. ನಮ್ಮ ಮನೆಯ ಸಾರು ಚುಂಯ್ ಅಂದದ್ದೇ ಇಲ್ಲ.

ನನಗೆ ಎಂಟು ವರ್ಷವಿದ್ದಾಗ ಅಪ್ಪನ ಅಕ್ಕ ಬಂದಿದ್ದರು. "ಇವಳೊಬ್ಬಳಿಗೋಸ್ಕರ ಗಂಡಸು ಸೌಟ್ ಹಿಡ್ಕೊಂಡ್ ಮಹಡಿ ಹತ್ತೋದಾ? ನೋಡೋಕೇ ಚೆನ್ನಾಗಿಲ್ಲ ಕಣೋ."

ಅಪ್ಪ ನಕ್ಕರು. ಅವಮಾನವಾದದ್ದು ನನಗೆ.

"ಇಲ್ಲೇ ಹಾಕಪ್ಪ, ನಂಗೇನೂ ಆಗಲ್ಲ" ಅಂದೆ.

"ನೋಡು, ಅವಳೇ ಹೇಳ್ತಿದಾಳೆ" ಅಂದರು ಅತ್ತೆ.

ಅಪ್ಪ ಅಕ್ಕನ ಮುಖ ನೋಡಿದರು, ನನ್ನ ಮುಖ ನೋಡಿದರು, ಸೌಟಿನ ಎಣ್ಣೆಗೆ ಅಲ್ಲೇ ಮೆಣಸಿನಕಾಯಿ ಹಾಕಿದರು. ನಾನು ಉಸಿರು ಹಿಡಿದು ಇಪ್ಪತ್ತರವರೆಗೆ ಎಣಿಸಿದೆ. ಬಹಳ ಜಾಣತನದ ಉಪಾಯವೇ. ಆದರೆ ಇಪ್ಪತ್ತೊಂದಕ್ಕೆ ಉಸಿರು ಎಳೆಯಲೇಬೇಕಲ್ಲ.

ಆಟೋದಲ್ಲಿ ಅಪ್ಪನ ತೊಡೆಯ ಮೇಲೆ ಏದುತ್ತಿದ್ದದ್ದು ನೆನಪಿದೆ. ನರ್ಸಿಂಗ್ ಹೋಮಿನಲ್ಲಿ ನನ್ನ ಮುಖಕ್ಕೆ ಮಾಸ್ಕ್ ಹಾಕಿದ ಡಾಕ್ಟರು ಅಪ್ಪನತ್ತ ತಿರುಗಿದರು.

"ಸೌಟು ಯಾಕ್ರೀ ತಂದ್ರಿ?"

ಅಪ್ಪ ತಮ್ಮ ಕೈ ನೋಡಿಕೊಂಡರು. "ಗೊತ್ತಿಲ್ಲ ಡಾಕ್ಟ್ರೇ. ಕೈಲಿತ್ತು."

ಮಾಸ್ಕಿನೊಳಗೇ ನನಗೆ ನಗು ಬಂತು. ಅಪ್ಪ ಅಳುತ್ತಿದ್ದರು.

ಮರುದಿನ ಬೆಳಿಗ್ಗೆ ಸಾಸಿವೆ ಡಬ್ಬಿ ಹಿಡಿದು ಅವರ ಹಿಂದೆ ಮಹಡಿ ಹತ್ತಿದವರು ಅತ್ತೆ.

ಕಾಲೇಜು ಸೇರುವ ಹೊತ್ತಿಗೆ ನನ್ನ ಉಬ್ಬಸ ಹೋಯಿತು. ಮದುವೆಯಾಗಿ ಮಲ್ಲೇಶ್ವರಕ್ಕೆ ನಾನೂ ಹೋದೆ. ಅಪ್ಪ ಮಾತ್ರ ಮಂಡಿ ನೋವಿಟ್ಟುಕೊಂಡೂ ಮಹಡಿ ಬಿಡಲಿಲ್ಲ.

"ಇನ್ನೂ ಯಾಕಪ್ಪ?" ಅಂತ ಒಮ್ಮೆ ರೇಗಿದೆ.

"ನೀನ್ ಹೇಳ್ದೆ ಕೇಳ್ದೆ ಬಂದ್ಬಿಟ್ರೆ?"

ಇವತ್ತು ನಾನು ಅಡುಗೆಮನೆಯಲ್ಲೇ ನಿಂತು ಹಾಕಿದೆ. ಘಾಟು ಎದ್ದಿತು, ಎದೆಗೆ ಏನೂ ಆಗಲಿಲ್ಲ. ಸಾರು ಚುಂಯ್ ಅಂದಿತು. ಅಮ್ಮ ಬೆಚ್ಚಿ ಮೆಟ್ಟಿಲಿನ ಕಡೆ ನೋಡಿದಳು.

"ಇಷ್ಟೊಂದ್ ಸದ್ದು ಮಾಡತ್ತಾ ಇದು?" ಅಂದಳು.

"ನಾಳೆ ಮೇಲೇ ಹಾಕ್ಕೊಂಡ್ ಬರ್ತೀನಮ್ಮ" ಅಂದೆ.