ನೀರಕ್ಕನ ಬಸ್ಸು

ಗುಡ್ಡದ ಮೇಲಿನ ಬಡಾವಣೆಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಅವಳ ಮನೆಯವರಿಗೆ ಮತ್ತು ನಗರಸಭೆಯಲ್ಲಿ ಸಂಬಳ ಹಾಕುವ ಗುಮಾಸ್ತನಿಗೆ ಮಾತ್ರ. ಮಿಕ್ಕವರಿಗೆಲ್ಲ ಅವಳು ನೀರಕ್ಕ. ನಗರಸಭೆಯ ನೀರಿನ ಟ್ಯಾಂಕರ್ ಓಡಿಸುತ್ತಿದ್ದವಳು. ತಿರುವಿನಲ್ಲಿ ಅವಳ ಹಾರ್ನ್ ಕೇಳಿಸಿತೆಂದರೆ ಹಲ್ಲುಜ್ಜುತ್ತಿದ್ದವರು ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಬಕೆಟ್ ಹಿಡಿದು ಓಡಿಬರುತ್ತಿದ್ದರು. ಯಾರ ಕ್ಯಾನು ಯಾರ ಬಕೆಟ್ಟಿಗಿಂತ ಮುಂದಿತ್ತು ಎಂಬ ಜಗಳವನ್ನು ದಿನವೂ ಅವಳೇ ತೀರ್ಮಾನ ಮಾಡಬೇಕು. ಯಾರ ಮಗುವಿಗೆ ಹಲ್ಲು ಬಂತು, ಯಾರ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ, ಎಲ್ಲ ಸುದ್ದಿಯೂ ನೀರು ತುಂಬುವಷ್ಟರಲ್ಲಿ ಅವಳ ಕಿವಿಗೆ ಬಿದ್ದಿರುತ್ತಿತ್ತು.

ಗಾಡಿ ಓಡಿಸುವುದನ್ನು ಅವಳಿಗೆ ಕಲಿಸಿದವನು ಲಾರಿ ಮೆಕ್ಯಾನಿಕ್ ಆಗಿದ್ದ ಅವಳ ಅಪ್ಪ. ಅರೆ ತುಂಬಿದ ಟ್ಯಾಂಕರ್ ಭಾರಿ ಕಿಲಾಡಿ. ಗಕ್ಕನೆ ಬ್ರೇಕ್ ಒತ್ತಿದರೆ ಒಳಗಿನ ನೀರೆಲ್ಲ ಮುಂದಕ್ಕೆ ನುಗ್ಗಿ ಗಾಡಿಯನ್ನೇ ತಳ್ಳುತ್ತದೆ, ಏರಿನಲ್ಲಿ ಹಿಂದಕ್ಕೆ ಜಗ್ಗುತ್ತದೆ. "ಒಳಗೆ ಯಾರೋ ಮಲಗಿದ್ದಾರೆ ಅಂದ್ಕೊಂಡು ಓಡಿಸು ಮಗಳೇ, ಎಬ್ಬಿಸ್ಬೇಡ," ಎನ್ನುತ್ತಿದ್ದ ಅಪ್ಪ. ಹಾಗೆಯೇ ಓಡಿಸಿಕೊಂಡು ಬಂದಿದ್ದಳು. ಅಷ್ಟು ವರ್ಷಗಳಲ್ಲಿ ಆ ಗುಡ್ಡದ ರಸ್ತೆಯಲ್ಲಿ ಅವಳ ಗಾಡಿ ಯಾರ ಗೋಡೆಯನ್ನೂ ಸವರಿರಲಿಲ್ಲ.

ಮನೆಯಲ್ಲಿ ಗಂಡ, ಮಗಳು. ಗಂಡ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರ ತುಳಿಯುತ್ತ ಹೋಗಿ ಬರುವವರನ್ನೆಲ್ಲ ಛೇಡಿಸುವುದು ಅವನ ಕಸುಬಿನದೇ ಒಂದು ಭಾಗ. ಮಗಳು ಡಿಪ್ಲೊಮಾ ಮುಗಿಸಿ ನಗರಸಭೆಯ ನೀರು ಸರಬರಾಜು ವಿಭಾಗಕ್ಕೆ ಇಂಜಿನಿಯರ್ ಆಗಿ ಸೇರಿದ ದಿನ ಅವನು ಬಾಗಿಲಲ್ಲಿ ನಿಂತು, "ಇನ್ಮೇಲೆ ನಮ್ಮನೇಲಿ ನೀರಿನೋರು ಇಬ್ಬರು. ನಾನೊಬ್ಬನೇ ಒಣಗಿದೋನು," ಎಂದು ಬೀದಿಗೆಲ್ಲ ಕೇಳುವಂತೆ ಸಾರಿದ್ದ.

ಗುಡ್ಡಕ್ಕೆ ಪೈಪಿನ ನೀರು ಬರುತ್ತದೆ ಎಂಬ ಮಾತು ಮಗಳಿಗಿಂತ ಹಳೆಯದು. ತುದಿಯಲ್ಲೊಂದು ದೊಡ್ಡ ಟ್ಯಾಂಕು, ಕೆಳಗೆ ಪಂಪ್‌ಹೌಸು, ಮನೆಮನೆಗೆ ನಲ್ಲಿ. ಕೇಳಿದಾಗಲೆಲ್ಲ ನಗರಸಭೆಯವರದು ಒಂದೇ ಉತ್ತರ: "ಯೋಜನೆಯಲ್ಲಿದೆ." ಆ ಮಾತು ಗುಡ್ಡದವರ ಬಾಯಲ್ಲಿ ತಮಾಷೆಯಾಗಿಬಿಟ್ಟಿತ್ತು. "ಅಡುಗೆ ಆಯ್ತೇನೇ?" ಎಂದು ಗಂಡ ಕೇಳಿದರೆ ಹೆಂಡತಿ, "ಯೋಜನೆಯಲ್ಲಿದೆ," ಎನ್ನುವಳು. ಮದುವೆ ಯಾವಾಗ ಎಂದು ಕೇಳಿದರೆ ಹುಡುಗಿಯರದೂ ಅದೇ ಉತ್ತರ.

ಹೀಗೆ ನಗುತ್ತಿದ್ದವರ ಕಣ್ಣೆದುರೇ ಒಂದು ದಿನ ಲಾರಿಗಟ್ಟಲೆ ಪೈಪು ಬಂದು ರಸ್ತೆಯ ಪಕ್ಕದಲ್ಲಿ ಇಳಿಯಿತು.

ಮರುದಿನ ನೀರಿನ ಸಾಲಿನಲ್ಲಿ ಕಿರಾಣಿ ಅಂಗಡಿಯವನು ನಗುತ್ತ ಕೇಳಿದ. "ಏನ್ ನೀರಕ್ಕ, ನಿಮ್ಮ ಕೆಲಸಕ್ಕೆ ನಿಮ್ಮ ಮಗಳೇ ಕಲ್ಲು ಹಾಕ್ತಿದ್ದಾಳಂತೆ? ಪೈಪ್ ಕೆಲಸದ ಉಸ್ತುವಾರಿ ಅವಳದೇ ಅಂತಲ್ಲ?"

ನೀರಕ್ಕನಿಗೆ ಅದು ಹೊಸ ಸುದ್ದಿ. ತೋರಿಸಿಕೊಳ್ಳಲಿಲ್ಲ. "ನಿಮ್ಮ ಕ್ಯಾನ್ ತುಂಬಿ ಹರೀತಿದೆ, ಮೊದಲು ಅದನ್ನ ನೋಡ್ಕೊಳ್ಳಿ," ಎಂದಳು. ಆದರೆ ಆ ರಾತ್ರಿ ಊಟಕ್ಕೆ ಕುಳಿತಾಗ ತಟ್ಟೆ ಇಟ್ಟ ಸದ್ದಿನಲ್ಲೇ ಮನೆಯವರಿಗೆ ಗೊತ್ತಾಯಿತು.

"ಹೇಳ್ಬೇಕು ಅಂತಾನೇ ಇದ್ದೆ ಅಮ್ಮಾ," ಎಂದಳು ಮಗಳು, ತಲೆ ತಗ್ಗಿಸಿ.

"ಯಾವಾಗ? ನಲ್ಲಿ ತಿರುಗಿಸಿ ಮುಖ ತೊಳ್ಕೊಂಡ ಮೇಲಾ?"

"ನಿನಗೆ ಬೇಜಾರಾಗುತ್ತೆ ಅಂತ..."

"ಪೈಪ್ ಬೇಡ ಅಂತ ನಾನ್ಯಾಕೆ ಹೇಳ್ಲಿ? ಆ ಮೇಲಿನ ಬೀದಿ ಹುಡುಗಿ ಎಂಟು ತಿಂಗಳ ಬಸುರಿ, ಎರಡು ಕೈಗೂ ಕ್ಯಾನ್ ಹಿಡ್ಕೊಂಡು ಮೆಟ್ಟಿಲು ಹತ್ತೋದನ್ನ ಕಣ್ಣಾರೆ ನೋಡೋಳು ನಾನು. ನಲ್ಲಿ ಬರ್ಲಿ, ಧಾರಾಳವಾಗಿ ಬರ್ಲಿ. ಆದ್ರೆ ನನ್ನ ಮನೆ ಸುದ್ದಿನ ನಾನು ಕಿರಾಣಿ ಅಂಗಡಿಯವರ ಬಾಯಲ್ಲಿ ಕೇಳ್ಬೇಕಾ?"

ಮಗಳ ಕಣ್ಣಲ್ಲಿ ನೀರಾಡಿತು. ಟೈಲರ್ ಏನೋ ತಮಾಷೆ ಮಾಡಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ. ಅಂಥದ್ದು ಅವನ ಸಂಸಾರದಲ್ಲಿ ಅಪರೂಪ.

ಆಮೇಲೆ ಅಗೆತ ಶುರುವಾಯಿತು. ತಾಯಿ ಮಗಳ ನಡುವೆ "ಬಾಗಿಲು ಹಾಕ್ಕೋ", "ಟವೆಲ್ ತಗೋ" ಎಂಬಷ್ಟೇ ಮಾತು. ಒಂದು ಬೆಳಗ್ಗೆ ನೀರಕ್ಕ ತುಂಬಿದ ಟ್ಯಾಂಕರ್ ಹತ್ತಿಸಿಕೊಂಡು ಬರುತ್ತಿದ್ದರೆ, ತಿರುವಿನಲ್ಲಿ ರಸ್ತೆಯ ಅಡ್ಡಕ್ಕೂ ಕಂದಕ. ಅದರ ಮುಂದೆ ಹಳದಿ ಹೆಲ್ಮೆಟ್ ಹಾಕಿದ ಹುಡುಗಿಯೊಬ್ಬಳು ಕೈ ಅಡ್ಡ ಹಿಡಿದು ನಿಂತಿದ್ದಳು.

"ಮುಂದೆ ಹೋಗೋ ಹಾಗಿಲ್ಲ. ಪೈಪ್ ಜೋಡಿಸ್ತಿದ್ದೀವಿ. ಸಾಯಂಕಾಲ ಆಗುತ್ತೆ ಮೇಡಂ."

ನೀರಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಮೇಡಮ್ಮಾ? ಬೆಳಗ್ಗೆ ನಿನಗೆ ಜಡೆ ಹಾಕಿದ್ದು ಯಾವ ಮೇಡಮ್ಮೇ?"

ಗುಂಡಿಯೊಳಗಿದ್ದ ಕೆಲಸಗಾರರೆಲ್ಲ ಒಟ್ಟಿಗೇ ಆ ಕಡೆ ತಿರುಗಿ ಮಣ್ಣನ್ನು ಬಹಳ ಗಮನವಿಟ್ಟು ನೋಡತೊಡಗಿದರು. ಅವರ ಬೆನ್ನುಗಳು ಕುಲುಕುತ್ತಿದ್ದವು.

"ಅಮ್ಮಾ, ಎಲ್ಲರ ಎದುರಿಗೆ..."

"ಮೇಲೆ ಜನ ಬಕೆಟ್ ಹಿಡ್ಕೊಂಡು ನಿಂತಿದ್ದಾರೆ. ಅವರಿಗೆ ಏನು ಹೇಳ್ಲಿ? ಯೋಜನೆಯಲ್ಲಿದೆ ಅನ್ಲಾ?"

ಮಗಳು ತುಟಿ ಕಚ್ಚಿ ಅತ್ತಿತ್ತ ನೋಡಿದಳು. ಪಂಪು ತೊಳೆಯಲು ತಂದಿದ್ದ ಉದ್ದನೆಯ ರಬ್ಬರ್ ಪೈಪಿನ ಸುರುಳಿ ಅವಳ ಕಣ್ಣಿಗೆ ಬಿತ್ತು. ಅದನ್ನು ಬಿಚ್ಚಿಸಿ, ಟ್ಯಾಂಕರಿನ ಬಾಯಿಗೆ ಸಿಕ್ಕಿಸಿ, ಕಂದಕ ದಾಟಿಸಿ ಆಚೆಗೆ ಎಳೆಸಿದಳು. ಜನರನ್ನು ಅಲ್ಲಿಗೇ ಕರೆಸಿದಳು. ಜೋಡಣೆಯ ಜಾಗ ಸಡಿಲವಿತ್ತು. ಯಾರಾದರೂ ಒತ್ತಿ ಹಿಡಿಯಲೇಬೇಕು. ಇಂಜಿನಿಯರ್ ತಾನೇ ಹಿಡಿದಳು. ನೀರಕ್ಕ ಇಳಿದು ಬಂದು ಮೆಲ್ಲಗೆ ವಾಲ್ವ್ ತಿರುಗಿಸಿದಳು. ಮೆಲ್ಲಗೇ ತಿರುಗಿಸಿದ್ದು, ದೇವರಾಣೆ ಎಂದು ಆಮೇಲೂ ಹೇಳುತ್ತಿದ್ದಳು. ನೀರು ಜೋಡಣೆಯಿಂದ ಚಿಮ್ಮಿ ಮಗಳನ್ನು ಹೆಲ್ಮೆಟ್ಟಿನಿಂದ ಬೂಟಿನವರೆಗೆ ತೋಯಿಸಿಬಿಟ್ಟಿತು. ಕಣ್ಣು ಮಿಟುಕಿಸುತ್ತ, ಬಾಯಿಂದ ನೀರು ಉಗುಳುತ್ತ, ಆದರೂ ಕೈ ಬಿಡದೆ ನಿಂತ ಮಗಳನ್ನು ಕಂಡು ನೀರಕ್ಕನಿಗೆ ನಗು ತಡೆಯಲಾಗಲಿಲ್ಲ. ಟ್ಯಾಂಕರಿಗೆ ತಲೆಯಾನಿಸಿ ನಕ್ಕಳು. ಮಗಳೂ ನಕ್ಕಳು. ಅಂದಿನಿಂದ ಮನೆಯಲ್ಲಿ ಮಾತು ಎಂದಿನಂತೆ ಹರಿಯಿತು.

ಕೊನೆಗೂ ನಲ್ಲಿ ತಿರುಗಿಸುವ ದಿನ ಬಂತು. ಟೈಲರನ ಮನೆಯ ನಲ್ಲಿ ಮೊದಲು ಬುಸುಗುಟ್ಟಿತು, ಬೀಡಿ ಸೇದುವ ಮುದುಕನಂತೆ ಕೆಮ್ಮಿತು, ಕೆಂಪು ನೀರು ಕಾರಿತು, ಆಮೇಲೆ ತಿಳಿಯಾಗಿ ಸುರಿಯಿತು. ಅಕ್ಕಪಕ್ಕದ ಮನೆಗಳಿಂದಲೂ ಕೇಕೆ. ನೀರಕ್ಕ ಬೊಗಸೆಯೊಡ್ಡಿ ಕುಡಿದು, "ಚೆನ್ನಾಗಿದೆ," ಎಂದಳು. ಮಗಳು ಆ ಒಂದು ಮಾತಿಗೇ ಕಾದಿದ್ದವಳಂತೆ ಉಸಿರು ಬಿಟ್ಟಳು.

ಆಮೇಲಿನ ದಿನಗಳು ಮಾತ್ರ ಸಪ್ಪೆ. ಟ್ಯಾಂಕರನ್ನು ಬೆಂಕಿ ಅನಾಹುತಕ್ಕೆ ಇರಲಿ ಎಂದು ಶೆಡ್ಡಿನಲ್ಲಿ ನಿಲ್ಲಿಸಿದರು. ಬೆಂಕಿ ಎಲ್ಲೂ ಬೀಳಲಿಲ್ಲ. ನೀರಕ್ಕ ಹೋಗಿ ಗಾಡಿ ಒರೆಸುವಳು, ಸುಮ್ಮನೆ ಸೀಟಿನಲ್ಲಿ ಕುಳಿತು ಬರುವಳು. ಮನೆಗೆ ಬಂದು ಗಂಡನ ಕತ್ತರಿ, ದಾರದುಂಡೆ, ಗುಂಡಿ ಡಬ್ಬಿಗಳನ್ನೆಲ್ಲ ಬೇರೆ ಬೇರೆ ಜಾಗದಲ್ಲಿ ಜೋಡಿಸುವಳು.

"ನೋಡು ಮಗಳೇ," ಎಂದ ಟೈಲರ್, ಹುಡುಕಿ ಹುಡುಕಿ ಸೋತು, "ನಿಮ್ಮ ನಗರಸಭೆ ಅಭಿವೃದ್ಧಿ ಮಾಡಿದ್ದು ಸಂತೋಷ. ಆದ್ರೆ ನಿಮ್ಮಮ್ಮನಿಗೆ ಬೇಗ ಏನಾದ್ರೂ ಕೆಲಸ ಕೊಡ್ಸು. ಇಲ್ದಿದ್ರೆ ನಾನು ಶರ್ಟಿಗೆ ಮೂರು ತೋಳು ಹೊಲಿಯೋ ಹಾಗೆ ಆಗುತ್ತೆ."

ಬೀದಿಯವರಿಗೂ ಏನೋ ಕಳೆದುಕೊಂಡಂತಾಗಿತ್ತು. ಎಲ್ಲರೂ ತಂತಮ್ಮ ನಲ್ಲಿಯೆದುರೇ ಇರುತ್ತಿದ್ದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. "ಜಗಳ ಆಡೋಕೂ ಜನ ಇಲ್ಲ ನೀರಕ್ಕ," ಎಂದು ಎದುರುಮನೆಯಾಕೆ ನಿಟ್ಟುಸಿರು ಬಿಟ್ಟಳು.

ಆ ಹೊತ್ತಿಗೆ ನಗರಸಭೆಯ ವಾರ್ಷಿಕ ಸಾರ್ವಜನಿಕ ಸಭೆ ಬಂತು. ಅಧ್ಯಕ್ಷೆ ವೇದಿಕೆಯ ಮೇಲೆ ನಿಂತು ವರ್ಷದ ಪ್ರಗತಿ ಓದಿದರು. ಗುಡ್ಡಕ್ಕೆ ನೀರು, ಕೆಳಗೆ ಹೊಸ ಆರೋಗ್ಯ ಕೇಂದ್ರ, ವಾಚನಾಲಯ, ಕಾಲುವೆಯ ಮೇಲೆ ಕಾಲುಸೇತುವೆ, ಅದರ ಪಕ್ಕದಲ್ಲಿ ಉದ್ಯಾನ. ನೀರಿನ ಹೆಸರು ಬಂದಾಗ ಮಗಳನ್ನು ವೇದಿಕೆಗೆ ಕರೆದರು. ಟೈಲರ್ ಕುರ್ಚಿ ಬಿಟ್ಟೆದ್ದು ಚಪ್ಪಾಳೆ ತಟ್ಟಿದ. ಹಿಂದಿನ ಸಾಲಿನವರು ಅವನ ಅಂಗಿ ಹಿಡಿದು ಕೂರಿಸಬೇಕಾಯಿತು.

ಆಗ ಗುಡ್ಡದ ನಿವೃತ್ತ ಪೋಸ್ಟ್‌ಮ್ಯಾನ್ ಎದ್ದು ನಿಂತರು. "ನೀರು ಮೇಲೆ ಬಂತು ಮೇಡಂ, ಬಹಳ ಸಂತೋಷ. ಈಗ ನಾವು ಕೆಳಗೆ ಬರೋದು ಹೇಗೆ? ಆರೋಗ್ಯ ಕೇಂದ್ರ ಕಟ್ಟಿದ್ದೀರಿ. ಅಲ್ಲಿಗೆ ನಡ್ಕೊಂಡು ಬರೋ ಶಕ್ತಿ ಇದ್ರೆ ನಮಗೆ ಡಾಕ್ಟರ್ ಯಾಕೆ ಬೇಕು?"

ದೊಡ್ಡ ಬಸ್ಸು ಆ ತಿರುವಿನಲ್ಲಿ ತಿರುಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷೆ ಮೈಕ್ ಹತ್ತಿರ ಎಳೆದುಕೊಂಡರು. "ಸಣ್ಣ ಬಸ್ಸೊಂದು..."

"ಯೋಜನೆಯಲ್ಲಿದೆ!" ಎಂದು ಗುಡ್ಡದವರೆಲ್ಲ ಒಂದೇ ಉಸಿರಿಗೆ ಕೂಗಿದರು. ಸಭಾಂಗಣವೇ ನಗುವಿನಲ್ಲಿ ಮುಳುಗಿತು.

ಅಧ್ಯಕ್ಷೆಯೂ ನಕ್ಕರು. "ಯೋಜನೆಯಲ್ಲಿತ್ತು. ಬಸ್ಸು ಬಂದು ನಗರಸಭೆ ಕಚೇರಿಯ ಹಿಂದೆ ನಿಂತಿದೆ. ಆ ರಸ್ತೆ ನೋಡಿ ಡ್ರೈವರ್‌ಗಳೇ ಒಪ್ತಿಲ್ಲ. ಒಬ್ಬರು ಅರ್ಧ ದಾರಿಗೆ ಹೋಗಿ ಹಾಗೇ ಹಿಂದಕ್ಕೆ ಇಳಿಸ್ಕೊಂಡು ಬಂದ್ರು."

ಗುಡ್ಡದವರ ತಲೆಗಳೆಲ್ಲ ಒಂದೊಂದಾಗಿ ನೀರಕ್ಕನ ಕಡೆ ತಿರುಗಿದವು.

"ನನ್ನನ್ನ ಯಾಕೆ ನೋಡ್ತೀರಿ?" ಎಂದಳು ಅವಳು, ಸೆರಗು ಬಿಗಿದುಕೊಳ್ಳುತ್ತ. "ನಾನು ನೀರು ಸಾಗಿಸೋಳು. ನೀರು ಎದುರು ಮಾತಾಡಲ್ಲ. ನಿಮ್ಮನ್ನೆಲ್ಲ ಒಂದೇ ಡಬ್ಬದಲ್ಲಿ ತುಂಬ್ಕೊಂಡು ಓಡಿಸೋ ಧೈರ್ಯ ನನಗಿಲ್ಲಪ್ಪ."

ಹಾಗೆಂದವಳು ಮನೆಗೆ ಹತ್ತುವ ದಾರಿಯಲ್ಲಿ ತಿರುವಿನ ಬಳಿ ನಿಂತು ಮಗಳನ್ನು ಕೇಳಿದಳು, "ಅಲ್ಲ, ಆ ಬಸ್ಸಿಗೆ ಪವರ್ ಸ್ಟೇರಿಂಗ್ ಇದೆಯಾ?"

ಟೈಲರ್ ಕತ್ತಲಲ್ಲಿ ಮಗಳ ಕೈ ಅದುಮಿದ.

ಜನರನ್ನು ಕೂರಿಸಿ ಓಡಿಸಲು ಬೇರೆ ಪರೀಕ್ಷೆ ಕೊಡಬೇಕಿತ್ತು. ಗಾಡಿ ಓಡಿಸಿ ತೋರಿಸುವುದರಲ್ಲಿ ಅವಳು ಸಲೀಸಾಗಿ ಪಾಸಾದಳು. ಕಂಪ್ಯೂಟರಿನ ಮುಂದೆ ಕೂತು ಉತ್ತರ ಒತ್ತುವುದರಲ್ಲಿ ಫೇಲಾದಳು. ರಸ್ತೆಯಲ್ಲಿ ಜನ ಗುಂಪಾಗಿ ನಿಂತಿದ್ದರೆ ಏನು ಮಾಡಬೇಕು ಎಂದು ಕೇಳಿದ್ದಕ್ಕೆ, "ಉದ್ದಕ್ಕೆ ಹಾರ್ನ್ ಹೊಡೆಯಬೇಕು," ಎಂಬುದನ್ನು ಒತ್ತಿದ್ದಳಂತೆ.

"ಅಮ್ಮಾ, ವೇಗ ಕಡಿಮೆ ಮಾಡಿ ನಿಲ್ಲಿಸ್ಬೇಕು!"

"ಹಾರ್ನ್ ಹೊಡೀದೆ ಇದ್ರೆ ನಾನು ಬಂದಿದ್ದು ಗೊತ್ತಾಗೋದು ಹೇಗೆ?"

"ಅವರೇನು ನೀರಿಗೆ ಕಾಯ್ತಿರ್ತಾರಾ?"

ದಿನವೂ ಸಂಜೆ ಮಗಳು ಪ್ರಶ್ನೆ ಕೇಳುವುದು, ತಾಯಿ ಬಟ್ಟೆ ಮಡಿಸುತ್ತ ಉತ್ತರ ಹೇಳುವುದು, ತಪ್ಪಿದರೆ ಟೈಲರ್ ಕತ್ತರಿಯಿಂದ ಮೇಜು ಕುಟ್ಟುವುದು ನಡೆಯಿತು. ಎರಡನೇ ಸಲಕ್ಕೆ ಪಾಸಾದಳು. ಖಾಕಿ ಅಂಗಿಯನ್ನು ಗಂಡನೇ ಹೊಲಿದುಕೊಟ್ಟ. ಎರಡೇ ತೋಳು.

ಬಸ್ಸು ಹೊರಟ ಮೊದಲ ಬೆಳಗ್ಗೆ ಗುಡ್ಡದ ಮೇಲೆ ಎಷ್ಟು ಜನ ಸಾಲುಗಟ್ಟಿದ್ದರೆಂದರೆ, ಅವಳಿಗೆ ಹಳೆಯ ಕಾಲವೇ ಬಂದಂತಾಯಿತು. ಜಗಳವೂ ಅದೇ. ಕಿಟಕಿ ಸೀಟಿಗೆ ಎದುರುಮನೆಯಾಕೆ ಕರವಸ್ತ್ರ ಹಾಕಿದ್ದಳು. ಅದರ ಮೇಲೆ ಪೋಸ್ಟ್‌ಮ್ಯಾನ್ ಕೂತುಬಿಟ್ಟಿದ್ದರು.

"ಹೋಗ್ತಾ ಅವರು, ಬರ್ತಾ ನೀವು," ಎಂದು ನೀರಕ್ಕ ಹಿಂದೆ ತಿರುಗದೆಯೇ ತೀರ್ಮಾನ ಮಾಡಿದಳು. ಎದುರುಮನೆಯಾಕೆ ಕರವಸ್ತ್ರ ಎಳೆದುಕೊಂಡು ಹಿಂದಿನ ಸೀಟಿಗೆ ಹೋದಳು. ಗಾಡಿ ಇಳಿಜಾರಿನಲ್ಲಿ ಎಣ್ಣೆ ಸುರಿದಂತೆ ಇಳಿಯಿತು. ಒಬ್ಬರ ಭುಜ ಇನ್ನೊಬ್ಬರಿಗೆ ತಾಗಲಿಲ್ಲ. ಪೋಸ್ಟ್‌ಮ್ಯಾನ್ ನಿದ್ದೆಹೋಗಿ ಇಳಿಯುವ ಜಾಗ ದಾಟಿಸಿಕೊಂಡರು, ಎದ್ದಮೇಲೆ ಅವಳನ್ನೇ ಬೈದರು.

ಆ ಟ್ರಿಪ್ಪಿನಲ್ಲಿ ಕಿರಾಣಿ ಅಂಗಡಿಯವನ ತಾಯಿಯೂ ಇದ್ದಳು. ಮೊಣಕಾಲು ನೋವಿನಿಂದ ಆ ಅಜ್ಜಿ ವರ್ಷಗಳಿಂದ ಗುಡ್ಡ ಇಳಿದವಳೇ ಅಲ್ಲ. ಮಗ ಅವಳನ್ನು ಎತ್ತಿ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂರಿಸಿದ್ದ. ಆರೋಗ್ಯ ಕೇಂದ್ರಕ್ಕೆ ಹೋಗಬೇಕಿತ್ತು. ಬಸ್ಸು ಕಾಲುವೆಯ ಪಕ್ಕಕ್ಕೆ ಬರುತ್ತಲೇ ಅಜ್ಜಿ ಕಿಟಕಿಗೆ ಮೂಗು ಒತ್ತಿದಳು. ಅವಳು ಕೊನೆಯ ಸಲ ಕಂಡಾಗ ಅಲ್ಲಿ ಬರೀ ಕಸದ ರಾಶಿ. ಈಗ ಹುಲ್ಲು, ಬೆಂಚು, ಉಯ್ಯಾಲೆ, ಸೇತುವೆಯ ಮೇಲೆ ಕೈ ಹಿಡಿದು ನಡೆಯುವ ಮಕ್ಕಳು.

"ಇದನ್ನೆಲ್ಲ ಯಾವಾಗ ಕಟ್ಟಿದ್ರೇ?"

"ನೀವು ಮೇಲಿದ್ದಾಗ ಅಜ್ಜಿ," ಎಂದಳು ನೀರಕ್ಕ.

"ನನ್ನನ್ನ ಒಂದು ಮಾತು ಕೇಳ್ದೇನೇ?"

ಬಸ್ಸಿಗೆ ಬಸ್ಸೇ ನಕ್ಕಿತು. ಆರೋಗ್ಯ ಕೇಂದ್ರದ ಮುಂದೆ ಗಾಡಿ ನಿಂತಿತು. ಮಗ ಕೈ ಚಾಚಿದ. ಅಜ್ಜಿ ಎದುರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮೊಣಕಾಲು ಎಲ್ಲಿ ಓಡಿಹೋಗುತ್ತೋ? ಆ ಕಡೆ ಇನ್ನೂ ಏನೇನು ಕಟ್ಟಿದ್ದಾರೋ ನೋಡ್ಬೇಕು. ನೀನು ಹೋಗಿ ಚೀಟಿ ಬರೆಸು. ನಾನು ಒಂದು ಸುತ್ತು ಹಾಕ್ಕೊಂಡು ಬರ್ತೀನಿ."

ಕಿರಾಣಿ ಅಂಗಡಿಯವನು ದಿಕ್ಕು ತೋಚದೆ ನೀರಕ್ಕನ ಮುಖ ನೋಡಿದ. ಅವಳು ಕನ್ನಡಿಯಲ್ಲಿ ಅಜ್ಜಿಯನ್ನು ನೋಡಿದಳು. ಅಜ್ಜಿ ಆಗಲೇ ಕನ್ನಡಕ ಒರೆಸಿಕೊಳ್ಳುತ್ತಿದ್ದಳು.

"ನೀವು ಇಳೀರಿ," ಎಂದಳು ನೀರಕ್ಕ ಅವನಿಗೆ. "ಅಮ್ಮನ್ನ ನಾನು ಕರ್ಕೊಂಡು ಬರ್ತೀನಿ."

ಬಾಗಿಲು ಮುಚ್ಚಿಕೊಂಡಿತು. ಬಸ್ಸು ಮೆಲ್ಲನೆ ಮುಂದಕ್ಕೆ ಸರಿಯಿತು. "ವಾಚನಾಲಯ ಬಲಗಡೆ ಬರುತ್ತೆ ಅಜ್ಜಿ," ಎಂದಳು ನೀರಕ್ಕ, "ಈ ಕಡೆ ಕಿಟಕಿಗೆ ಬನ್ನಿ."