ಗಲಗಲ ಅನ್ನುವ ಎಂಪಿತ್ರೀ

ಗೆಳೆಯರೇ, ನನ್ನ ಹೊಸ ಎಂಪಿತ್ರೀ ಪ್ಲೇಯರಿನ ಪಾರ್ಥಿವ ಶರೀರವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಇವತ್ತು ಮಧ್ಯಾಹ್ನ ರಾಣೆಬೆನ್ನೂರಿನ ಅಂಗಡಿಗೆ ಹೋಗಿದ್ದೆ. ಕೊಂಡು ತಿಂಗಳೂ ತುಂಬಿರಲಿಲ್ಲ. ಅಣ್ಣನ ಹಳೇ ಕ್ಯಾಸೆಟ್ ಪ್ಲೇಯರ್ ಹೋದ ವರ್ಷ ಮೆಣಸಿನಕಾಯಿ ಚೀಲದೊಳಗೆ ಬಿದ್ದು ಎದ್ದು ಬಂದರೂ ಇನ್ನೂ ಹಾಡುತ್ತಿದೆ. ಕೇಳುವವರು ಸೀನಬೇಕು, ಅಷ್ಟೇ.

ಅಂಗಡಿ ಸಾವಕಾರರು ತಿರುಗಿಸಿ ಮುರುಗಿಸಿ ನೋಡಿ, “ನೀರು ಬಿದ್ದೈತಿ ತಮ್ಮಾ. ವಾರಂಟಿ ಬರಂಗಿಲ್ಲ” ಅಂದರು.

ನಮ್ಮದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಮಾಲು ಹಸಿಯೋ ಒಣಗಿದ್ದೋ ಅಂತ ಕಿವಿಯ ಹತ್ತಿರ ಅಲ್ಲಾಡಿಸಿ ಹೇಳುವುದು ಮನೆತನದ ವಿದ್ಯೆ. ಕಣ್ಣು ಮುಚ್ಚಿ, ಪ್ಲೇಯರನ್ನು ಕಿವಿಗೆ ಹಿಡಿದು, ಭಕ್ತಿಯಿಂದ ಅಲ್ಲಾಡಿಸಿದೆ. ಒಳಗೆ ಗಲಗಲ.

“ಸಾವಕಾರ್ರ, ಹಸಿ ಮಾಲು ಹಿಂಗ ಸಪ್ಪಳ ಮಾಡಂಗಿಲ್ರಿ. ಇದು ಖಡಕ್ ಒಣಗೇತಿ. ಬೇಕಾದ್ರ ನೀವ ಕೇಳ್ರಿ.”

ಅವರು ಬ್ಯಾಡಗಿಯ ಅಳಿಯ. ಕೈ ತಡೆಯಲಿಲ್ಲ, ತಾವೂ ಕಿವಿಗೆ ಹಿಡಿದು ಅಲ್ಲಾಡಿಸಿದರು. “ಖರೇನ ಒಣಗೇತಲ್ಲೋ!” ಅಂತ ಬಾಯಿಬಿಟ್ಟ ಮೇಲೆ ನೀರಿನ ಮಾತು ಎತ್ತಲು ಮುಖವಿರಲಿಲ್ಲ. ಕಪಾಟಿನಿಂದ ಹೊಸದೊಂದನ್ನು ತೆಗೆದು, ಹಾಡು ಹಚ್ಚಿ ಕೊಟ್ಟರು.

ಅಭ್ಯಾಸಬಲ ನೋಡಿ, ಅದನ್ನೂ ಅಲ್ಲಾಡಿಸಿದೆ. ಗಲಗಲ.

“ಸಾವಕಾರ್ರ, ಇದರೊಳಗೂ ಏನೋ ಬಿಚ್ಚೇತಲ್ರಿ?”

“ಹೊಸಾ ಮಾಡೆಲ್ ಎಲ್ಲಾ ಹಂಗ ತಮ್ಮಾ. ಹಾಡಾಕತ್ತೈತಿ, ಲಗೂ ಮನೀಗೆ ಒಯ್ಯಿ.”

ಒಯ್ದಿದ್ದೇನೆ. ಈ ಕ್ಷಣದವರೆಗೂ ಹಾಡುತ್ತಿದೆ. ನಾಳೆ ಹಾಡು ನಿಂತರೂ ಚಿಂತೆಯಿಲ್ಲ, ತಾಳಕ್ಕಂತೂ ಆಜೀವ ವಾರಂಟಿ ಇದೆ.