ಮೂತ್ರಪಿಂಡದ ಮೇಲೆ ಕೂತಿದ್ದ ಭಯ

ಮೊದಲ ಸಲ ಅದು ಬಂದದ್ದು ಚಪ್ಪಲಿಯ ಪಟ್ಟಿ ಬಿಗಿಯಲು ಬಗ್ಗಿದಾಗ. ಡೊಂಬಿವಲಿಯಿಂದ ಠಾಣೆಗೆ ಹೋಗುವ ಲೋಕಲ್ ರೈಲು ತಪ್ಪಬಾರದೆಂಬ ಅವಸರದಲ್ಲಿದ್ದೆ. ನೆಟ್ಟಗಾಗುವಷ್ಟರಲ್ಲಿ ಎದೆ ಡವಡವ ಹೊಡೆದುಕೊಳ್ಳತೊಡಗಿತು, ತಲೆ ಸಿಡಿಯಿತು, ಕುರ್ತಾ ಬೆನ್ನಿಗಂಟುವಷ್ಟು ಬೆವರಿದೆ. ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂಬಂಥ ಭಯ. ಹಿಂದೆ ತಿರುಗಿ ನೋಡಿದರೆ ಮಗಳು ಕೂತು ದೋಸೆ ತಿನ್ನುತ್ತಿದ್ದಳು. ಹತ್ತು ನಿಮಿಷದಲ್ಲಿ ಎಲ್ಲ ಇಳಿಯಿತು.

ಆಮೇಲೆ ಅದು ವಾರಕ್ಕೆ ಎರಡು ಮೂರು ಸಲ ಬರತೊಡಗಿತು. ನೆಲ ಒರೆಸುವಾಗ ಬಂತು, ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಬಂತು, ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ನಾನು ಕೆಲಸ ಮಾಡುವ ಪಂಪಿನ ಕಾರ್ಖಾನೆಯ ಆಫೀಸಿನಲ್ಲೂ ಬಂತು. ನಮ್ಮ ಬಿಲ್ಡಿಂಗಿನ ಕೆಳಗಿನ ಡಾಕ್ಟರ ಬಳಿ ಓಡಿದರೆ, ಸರದಿ ಬರುವ ಹೊತ್ತಿಗೆ ಬಿ.ಪಿ. ಸರಿಯಾಗಿಯೇ ಇರುತ್ತಿತ್ತು. ಟೆನ್ಷನ್ ಎಂದು ಹೇಳಿ ಅವರು ನಿದ್ದೆಯ ಮಾತ್ರೆ ಕೊಟ್ಟರು.

ಗಂಡನಿಗೆ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಕೆಲಸ. ಇಡೀ ದಿನ ಲಾರಿಯವರ ಜೊತೆ ಕಿರುಚಿ ಸುಸ್ತಾಗಿ ಬರುತ್ತಿದ್ದರು. "ಎಂತ ಮಾರಾಯ್ತಿ, ಎಲ್ಲದಕ್ಕೂ ಹೆದರಿಕೆಯಾ? ಡಾಕ್ಟ್ರೇ ಏನಿಲ್ಲ ಹೇಳಿದ್ದಾರಲ್ಲ. ಹತ್ತು ದಿನ ಊರಿಗೆ, ಉಡುಪಿಗೆ ಹೋಗಿ ಬಾ" ಎಂದರು.

ಕಾಯಿಲೆ ಏನಿಲ್ಲ ಎಂಬುದನ್ನು ನಾನೂ ನಂಬಿದೆ. ಆದರೆ ಭಯ ಇದ್ದ ಮೇಲೆ ಅದಕ್ಕೊಂದು ಕಾರಣ ಬೇಕಲ್ಲ? ಹುಡುಕತೊಡಗಿದೆ. ಮಗಳು ಕಾಲೇಜಿನಿಂದ ಕಾಲು ಗಂಟೆ ತಡವಾದರೆ ಅವಳ ಗೆಳತಿಯರಿಗೆಲ್ಲ ಫೋನ್ ಮಾಡುತ್ತಿದ್ದೆ. "ಮಮ್ಮಿ, ತುಮ್ ಪಾಗಲ್ ಹೋ ಗಯೀ ಹೋ!" ನಿನಗೆ ಹುಚ್ಚು ಹಿಡಿದಿದೆ ಎಂದು ಒಮ್ಮೆ ಅವಳು ಕಿರುಚಿ ಬಾಗಿಲು ಬಡಿದು ಹಾಕಿಕೊಂಡಳು. ಗಂಡ ನಗುತ್ತ ಫೋನಿನಲ್ಲಿ ಮಾತಾಡಿದರೆ ಯಾರ ಜೊತೆ ಎಂದು ಕಿವಿಗೊಡುತ್ತಿದ್ದೆ. ಮೇಲಧಿಕಾರಿ ನನ್ನನ್ನು ಕೆಲಸದಿಂದ ತೆಗೆಯಲು ನೋಡುತ್ತಿದ್ದಾರೆ ಎನಿಸಿ, ಯಾರೂ ಕೇಳದಿದ್ದರೂ ಒಂದು ರಾಜೀನಾಮೆ ಪತ್ರ ಬರೆದು ಚೀಲದಲ್ಲಿಟ್ಟುಕೊಂಡೆ. ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಒಂದು ವರ್ಷ ಕಳೆದೆ.

ಒಂದು ಮಧ್ಯಾಹ್ನ ಕೆಳಗಿನ ಡ್ರಾವರಿನಿಂದ ಫೈಲು ತೆಗೆಯಲು ಬಗ್ಗಿದವಳು ಹಾಗೇ ನೆಲಕ್ಕೆ ಕೂತೆ. ಕಾರ್ಖಾನೆಯ ನರ್ಸ್ ಬಂದು ಬಿ.ಪಿ. ನೋಡಲು ತೋಳಿಗೆ ಪಟ್ಟಿ ಸುತ್ತಿದಳು. ಅಂಕಿ ಇನ್ನೂರ ಮೂವತ್ತಕ್ಕೆ ಹೋಗಿ ನಿಂತಿತು. "ಮಶೀನ್ ಖರಾಬ್ ಹೈ ಕ್ಯಾ?" ಎನ್ನುತ್ತ ತನ್ನ ತೋಳಿಗೇ ಸುತ್ತಿ ನೋಡಿಕೊಂಡಳು. ಅವಳದು ಸರಿಯಾಗಿತ್ತು. ಮತ್ತೆ ನನಗೆ ಸುತ್ತಿದಳು. ಅದೇ ಇನ್ನೂರ ಮೂವತ್ತು. ಅವಳ ಮುಖ ನೋಡಿ ನನಗೆ ಗಾಬರಿಯ ಬದಲು ಒಂದು ಬಗೆಯ ಸಮಾಧಾನವೇ ಆಯಿತು. ಕೊನೆಗೂ ಇನ್ನೊಬ್ಬರ ಕಣ್ಣಿಗೆ ಬಿತ್ತಲ್ಲ.

ಠಾಣೆಯ ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರಮ್ಮ ನನಗಿಂತ ತುಂಬಾ ಚಿಕ್ಕವರು. ಕೆಳಗಿನ ಡಾಕ್ಟರಂತೆ ಮನೆಯಲ್ಲಿ ಜಗಳವೇ ಎಂದು ಅವರು ಕೇಳಲಿಲ್ಲ. ಬಗ್ಗಿದಾಗ ಬರುತ್ತದೆಯೇ, ಮುಖ ಬಿಳಚಿಕೊಳ್ಳುತ್ತದೆಯೇ, ತಲೆನೋವು ಮತ್ತು ಬೆವರು ಒಟ್ಟಿಗೇ ಬರುತ್ತವೆಯೇ ಎಂದು ಕೇಳಿದರು. ಎಲ್ಲಕ್ಕೂ ಹೌದೆಂದೆ. ಒಂದು ದಿನದ ಮೂತ್ರವನ್ನೆಲ್ಲ ಕ್ಯಾನಿನಲ್ಲಿ ಹಿಡಿದು ಕೊಡಬೇಕಾಯಿತು. ಆಮೇಲೆ ಸ್ಕ್ಯಾನ್ ಆಯಿತು. ಎಡ ಮೂತ್ರಪಿಂಡದ ಮೇಲಿನ ಪುಟ್ಟ ಗ್ರಂಥಿಯಲ್ಲಿ ನಿಂಬೆಹಣ್ಣಿನಷ್ಟು ಗೆಡ್ಡೆ.

"ಯೇ ಟೆನ್ಷನ್ ನಹೀ ಹೈ" ಎಂದು ಡಾಕ್ಟರಮ್ಮ ಹಿಂದಿಯಲ್ಲಿ ಬಿಡಿಸಿ ಹೇಳಿದರು. ನಾಯಿ ಬೆನ್ನಟ್ಟಿದಾಗ ನರಗಳು ಆ ಗ್ರಂಥಿಯನ್ನು ಎಚ್ಚರಿಸುತ್ತವೆ. ಅದು ಅಡ್ರಿನಲಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಬಿ.ಪಿ. ಏರುತ್ತದೆ. ನನ್ನ ಗೆಡ್ಡೆ ಯಾವ ನರದ ಮಾತನ್ನೂ ಕೇಳದೆ ತನಗೆ ತೋಚಿದಾಗ ಅವನ್ನೇ ಸುರಿಯುತ್ತಿತ್ತು. ನಾಯಿಯೇ ಇಲ್ಲದೆ ನಾನು ಓಡುತ್ತಿದ್ದೆ.

ಕೂಡಲೇ ಆಪರೇಷನ್ ಮಾಡುವಂತಿರಲಿಲ್ಲ. ಮುಟ್ಟಿದರೆ ಗೆಡ್ಡೆ ಇನ್ನಷ್ಟು ಸುರಿದೀತೆಂದು, ಎರಡು ವಾರ ರಕ್ತನಾಳ ಸಡಿಲಿಸುವ ಮಾತ್ರೆ ಕೊಟ್ಟು, ಸಡಿಲವಾದ ನಾಳಗಳು ತುಂಬಲೆಂದು ಉಪ್ಪನ್ನೂ ನೀರನ್ನೂ ಹೆಚ್ಚು ತೆಗೆದುಕೊಳ್ಳಲು ಹೇಳಿದರು. ಬಿ.ಪಿ.ಯವಳಿಗೆ ಉಪ್ಪೇ ಎಂದು ಗಂಡ ಡಾಕ್ಟರ ಹತ್ತಿರ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಗೆಡ್ಡೆ ತೆಗೆದ ಮೂರನೇ ದಿನ ವಾರ್ಡಿನಲ್ಲಿ ಗಂಡ ನನ್ನ ಮಂಚದ ಪಕ್ಕ ಕೂತು ಮೆಲ್ಲಗೆ ಹೇಳಿದರು, "ನೀನು ಹೇಳಿದ್ದನ್ನು ನಾನು ನಂಬಲೇ ಇಲ್ಲ ಅಲ್ವಾ?"

ಪರವಾಗಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

"ಇಲ್ಲ, ನಂಬ್ಲಿಲ್ಲ. ಒಂದು ವರ್ಷ ನಾನು ಒಬ್ಬಳೇ ಹೆದರಿದೆ. ನೀವು ಉಡುಪಿಗೆ ಹೋಗು ಅಂತ ಹೇಳಿದ್ರಿ" ಎಂದೆ. ಧ್ವನಿ ಏರಿತು. ಪಕ್ಕದ ಮಂಚದವರು ತಿರುಗಿ ನೋಡಿದರು. ಎದೆ ಸ್ವಲ್ಪ ಜೋರಾಗಿ ಹೊಡೆದುಕೊಂಡಿತು, ಕೆನ್ನೆ ಬಿಸಿಯಾಯಿತು. ಆದರೆ ಬೆವರಲಿಲ್ಲ, ತಲೆ ಸಿಡಿಯಲಿಲ್ಲ. ಬಹಳ ದಿನಗಳ ಮೇಲೆ ಸಕಾರಣವಾಗಿ ಸಿಟ್ಟು ಬಂದಿತ್ತು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಹೇಳುವುದು ಇನ್ನೂ ಬಹಳ ಇತ್ತು, ಹೇಳುತ್ತಾ ಹೋದೆ.